ಮಾತಿನ ಚಿಕಿತ್ಸೆ ಕೆಲಸ ಮಾಡುವುದು ಹೇಗೆ: ಪದ್ಧತಿ ಎಲ್ಲಿ ಮುಖ್ಯ, ನಂಟು ಎಲ್ಲಿ ಮುಖ್ಯ

ಕೈ ತೊಳೆಯುವ ಗೀಳು ಹತ್ತಿದ ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳಿ. ಹೊರಗಿನಿಂದ ಬಂದರೆ ಸಿಂಕಿನ ಮುಂದೆ ನಲವತ್ತು ನಿಮಿಷ. ನಲ್ಲಿ ನಿಲ್ಲಿಸಲು ಮುಟ್ಟಿದ ಕೈ ಮತ್ತೆ ಕೊಳೆಯಾಯಿತು ಎಂದು ಮತ್ತೆ ಮೊದಲಿನಿಂದ ಶುರು. ಗಂಡ, ಮಕ್ಕಳು ಬಾಗಿಲಲ್ಲೇ ಕಾಲು ತೊಳೆದು, ಬಟ್ಟೆ ಬದಲಿಸಿ ಒಳಗೆ ಬರಬೇಕು. ಅವರು ಥೆರಪಿಗೆ ಹೋಗುತ್ತಾರೆ. ಸಿಕ್ಕ ಥೆರಪಿಸ್ಟ್ ಒಳ್ಳೆಯವರು, ಸಹನೆಯಿಂದ ಕೇಳುತ್ತಾರೆ. ಆರು ತಿಂಗಳು ಬಾಲ್ಯ, ತವರು, ಅತ್ತೆ ಮನೆ ಎಲ್ಲದರ ಬಗ್ಗೆ ಮಾತಾಗುತ್ತದೆ. ಮನಸ್ಸು ಹಗುರಾಗುತ್ತದೆ. ಕೈ ತೊಳೆಯುವುದು ಮಾತ್ರ ನಲವತ್ತು ನಿಮಿಷವೇ.

ಇಲ್ಲಿ ಕೊರತೆ ಥೆರಪಿಸ್ಟರ ಒಳ್ಳೆಯತನದ್ದಲ್ಲ, ಬಳಸಿದ ವಿಧಾನದ್ದು. ಗೀಳು ಎಲ್ಲಿಂದ ಹುಟ್ಟಿತು ಎನ್ನುವುದು ಗೊತ್ತಾದರೂ ಅದು ಹೋಗುವುದಿಲ್ಲ. ಅದು ಉಳಿದುಕೊಂಡಿರುವುದು ಬೇರೆಯೇ ಒಂದು ಚಕ್ರದಿಂದ. ಮುಟ್ಟಿದೊಡನೆ ಆತಂಕ ಏರುತ್ತದೆ, ತೊಳೆದರೆ ಇಳಿಯುತ್ತದೆ, ಆ ಇಳಿದ ಕ್ಷಣದ ನೆಮ್ಮದಿಯೇ ‘ಮುಂದಿನ ಸಲವೂ ತೊಳೆ’ ಎಂದು ಮಿದುಳಿಗೆ ಕಲಿಸುತ್ತದೆ. ಲಂಡನ್ನಿನಲ್ಲಿ ವಿಕ್ಟರ್ ಮೇಯರ್ 1966ರಲ್ಲಿ ಇಬ್ಬರು ರೋಗಿಗಳ ಜತೆ ಈ ಚಕ್ರವನ್ನೇ ಮುರಿದು ತೋರಿಸಿದರು: ಹೆದರಿಸುವ ವಸ್ತುವನ್ನು ಮುಟ್ಟಿಸಿ, ತೊಳೆಯದಂತೆ ತಡೆದರು. ಇಂದು ಇದನ್ನು ಇಆರ್‌ಪಿ ಎನ್ನುತ್ತಾರೆ. ಎದುರಿಸುವುದು, ಪ್ರತಿಕ್ರಿಯೆ ತಡೆಯುವುದು ಎಂಬುದು ಅದರ ಅರ್ಥ.

ಮಾಡುವ ಕ್ರಮ ಹೀಗಿದೆ. ಮೊದಲ ಎರಡು ಮೂರು ಸೆಷನ್‌ಗಳಲ್ಲಿ ಒಂದು ಏಣಿ ತಯಾರಾಗುತ್ತದೆ. ಭಯ ಹುಟ್ಟಿಸುವ ಹತ್ತು ಹದಿನೈದು ಸನ್ನಿವೇಶಗಳನ್ನು ಬರೆದು ಪ್ರತಿಯೊಂದಕ್ಕೂ 0ಯಿಂದ 100ರ ಒಳಗೆ ಆತಂಕದ ಅಂಕ ಕೊಡುತ್ತಾರೆ. ಮನೆಯ ಬಾಗಿಲ ಚಿಲಕ 35, ಬಸ್ಸಿನ ಕಂಬಿ 60, ಚಪ್ಪಲಿಯ ಅಟ್ಟೆ 85. ಕೆಲಸ ಶುರುವಾಗುವುದು 35–40ರ ಆಸುಪಾಸಿನಲ್ಲಿ. ಚಿಲಕ ಮುಟ್ಟಿ, ಅದೇ ಕೈಯಲ್ಲಿ ಸೀರೆ, ಮುಖ, ನೀರಿನ ಲೋಟ ಮುಟ್ಟಿ, ತೊಳೆಯದೆ ಕೂರಬೇಕು. ಐದು ನಿಮಿಷಕ್ಕೊಮ್ಮೆ ಅಂಕ ಕೇಳುತ್ತಾರೆ. ಮೊದಲು ಏರುತ್ತದೆ, ತೊಳೆಯದೆ ಕೂತರೆ ಬಹುಮಟ್ಟಿಗೆ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೂ ಒಂದು ಪಾಠ ಆಗಿರುತ್ತದೆ: ಆತಂಕ ಇದ್ದೂ ಕೂರಬಹುದು, ಅಂದುಕೊಂಡ ಅನಾಹುತ ಆಗಲಿಲ್ಲ. ಅದನ್ನೇ ಮನೆಯಲ್ಲಿ ದಿನವೂ ಮಾಡಬೇಕು. ಒಟ್ಟು 12ರಿಂದ 20 ಸೆಷನ್ ಬೇಕಾಗುವುದು ಸಾಮಾನ್ಯ.

ಇದು ಕೆಡುವುದೂ ಗೊತ್ತಿರುವ ಕೆಲವೇ ಜಾಗಗಳಲ್ಲಿ. ಆತಂಕ ತುತ್ತತುದಿಯಲ್ಲಿದ್ದಾಗ ಎದ್ದು ಹೋದರೆ ಭಯ ಇನ್ನೂ ಗಟ್ಟಿಯಾಗುತ್ತದೆ. ಕೈ ತೊಳೆಯದೆ ಮನಸ್ಸಿನಲ್ಲೇ ಮಂತ್ರ ಹೇಳಿಕೊಂಡರೆ, ಅಥವಾ ‘ರಾತ್ರಿ ಸ್ನಾನ ಮಾಡ್ತೀನಲ್ಲ’ ಎಂದು ಸಮಾಧಾನ ಮಾಡಿಕೊಂಡರೆ ಅದೂ ತೊಳೆದಂತೆಯೇ. ಎಲ್ಲಕ್ಕಿಂತ ಹೆಚ್ಚಾಗಿ ಕೆಡುವುದು ಮನೆಯವರ ಪ್ರೀತಿಯಿಂದ. ‘ಅಮ್ಮಾ, ಏನೂ ಆಗಿಲ್ಲ, ಕ್ಲೀನಾಗೇ ಇದೆ’ ಎಂದು ದಿನಕ್ಕೆ ಮೂವತ್ತು ಸಲ ಹೇಳುವ ಮಗಳು ಗೊತ್ತಿಲ್ಲದೆಯೇ ಗೀಳಿಗೆ ಅನ್ನ ಹಾಕುತ್ತಿರುತ್ತಾಳೆ. ಹಾಗಾಗಿ ಕನಿಷ್ಠ ಒಂದೆರಡು ಸೆಷನ್‌ಗೆ ಮನೆಯವರನ್ನು ಕೂರಿಸಿಕೊಂಡು ‘ಇದು ಗೀಳಿನ ಪ್ರಶ್ನೆ, ಉತ್ತರ ಕೊಡಲ್ಲ, ಆದರೆ ನಿನ್ನ ಪಕ್ಕ ಕೂತಿರ್ತೀನಿ’ ಎಂದು ಹೇಳುವುದನ್ನು ಅಭ್ಯಾಸ ಮಾಡಿಸುತ್ತಾರೆ.

ನಮ್ಮ ಕಡೆ ಇನ್ನೊಂದು ಪ್ರಶ್ನೆ ಏಳುತ್ತದೆ. ಮಡಿಗೂ ಗೀಳಿಗೂ ಗಡಿ ಎಲ್ಲಿ? ಮಡಿಗೆ ನಿಯಮ ಇದೆ, ಮುಗಿತಾಯ ಇದೆ. ಸ್ನಾನ ಆಯಿತು, ಬಟ್ಟೆ ಉಟ್ಟಾಯಿತು, ಅಲ್ಲಿಗೆ ಆಯಿತು. ಅದೇ ಮನೆಯಲ್ಲಿ ಮಡಿ ಆಚರಿಸುವ ಹಿರಿಯರೇ ‘ಇದು ಅತಿಯಾಯಿತು’ ಎನ್ನುವ ಹಂತಕ್ಕೆ ಹೋಗಿದ್ದರೆ ಅದು ಗೀಳು. ಒಳ್ಳೆಯ ಥೆರಪಿಸ್ಟ್ ಮಡಿಯನ್ನು ಪ್ರಶ್ನಿಸಲು ಹೋಗುವುದಿಲ್ಲ. ಮನೆಯ ಉಳಿದವರು ಎಷ್ಟು ಮಾಡುತ್ತಾರೋ ಅಷ್ಟಕ್ಕೆ ತಂದು ನಿಲ್ಲಿಸುವುದು ಗುರಿ.

ವಿಧಾನದಿಂದ ಎಷ್ಟು ವ್ಯತ್ಯಾಸವಾಗುತ್ತದೆ? ಎಡ್ನಾ ಫೋವಾ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹನ್ನೆರಡು ವಾರದ ಕೊನೆಗೆ ಇಆರ್‌ಪಿ ಪಡೆದವರಲ್ಲಿ 62%, ಕ್ಲೋಮಿಪ್ರಮಿನ್ ಮಾತ್ರೆ ಪಡೆದವರಲ್ಲಿ 42%, ಎರಡನ್ನೂ ಪಡೆದವರಲ್ಲಿ 70%, ಬರೀ ಹುಸಿ ಮಾತ್ರೆ ನುಂಗಿದವರಲ್ಲಿ 8% ಜನ ಸುಧಾರಿಸಿದ್ದರು. ನಿಗದಿತ ವಸ್ತುವಿನ ಭಯ, ಪ್ಯಾನಿಕ್ ದಾಳಿಗಳಿಗೂ ಇದೇ ಮಾತು. ಪ್ಯಾನಿಕ್‌ನಲ್ಲಿ ಎದುರಿಸಬೇಕಾದ್ದು ದೇಹದ ಸಂವೇದನೆಯನ್ನೇ. ಒಂದು ನಿಮಿಷ ಜೋರಾಗಿ ಉಸಿರಾಡಿಸಿ, ಬರುವ ತಲೆಸುತ್ತು, ಎದೆ ಬಡಿತ ಹಾರ್ಟ್ ಅಟ್ಯಾಕ್ ಅಲ್ಲ ಎಂಬುದನ್ನು ಕುರ್ಚಿಯಲ್ಲೇ ಕಲಿಸುತ್ತಾರೆ. (ಹೃದ್ರೋಗ, ಅಸ್ತಮಾ, ಮೂರ್ಛೆರೋಗ ಇದ್ದರೆ, ಗರ್ಭಿಣಿಯಾಗಿದ್ದರೆ ವೈದ್ಯರನ್ನು ಕೇಳದೆ ಇದನ್ನು ಮಾಡಿಸಬಾರದು.) ಅಪಘಾತ, ದೌರ್ಜನ್ಯದ ಆಘಾತಕ್ಕೂ ಆ ನೆನಪಿನ ಮೇಲೆಯೇ ನೇರವಾಗಿ ಕೆಲಸ ಮಾಡುವ ಪದ್ಧತಿಗಳು ಬೇಕು.

ಖಿನ್ನತೆಯ ಕಥೆ ಬೇರೆ

ಖಿನ್ನತೆಗೆ ಬಂದರೆ ಚಿತ್ರ ತಿರುವುಮುರುವಾಗುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ 250 ರೋಗಿಗಳನ್ನು ತೆಗೆದುಕೊಂಡು ನಡೆಸಿದ, 1989ರಲ್ಲಿ ಫಲಿತಾಂಶ ಹೊರಬಂದ ಪ್ರಯೋಗದಲ್ಲಿ ಸಿಬಿಟಿ (ಯೋಚನೆ, ನಡವಳಿಕೆಯ ಮೇಲೆ ಕೆಲಸ ಮಾಡುವುದು) ಮತ್ತು ಐಪಿಟಿ (ಸಂಬಂಧಗಳ ಮೇಲೆ ಕೆಲಸ ಮಾಡುವುದು) ಎಂಬ ಎರಡು ಪದ್ಧತಿಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. 2013ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 341 ಜನರಿಗೆ 16 ಸೆಷನ್‌ಗಳ ಸಿಬಿಟಿ ಅಥವಾ ಸೈಕೋಡೈನಮಿಕ್ ಥೆರಪಿ ಕೊಟ್ಟು ಹೋಲಿಸಿದಾಗಲೂ ಅಷ್ಟೇ. ಆ ಅಧ್ಯಯನದ ಇನ್ನೊಂದು ಅಂಕಿಯನ್ನೂ ಮುಚ್ಚಿಡಬಾರದು: ಚಿಕಿತ್ಸೆಯ ಕೊನೆಗೆ ಖಿನ್ನತೆಯಿಂದ ಪೂರ್ತಿ ಹೊರಬಂದವರು ನಾಲ್ವರಲ್ಲಿ ಒಬ್ಬರಿಗಿಂತ ಕಡಿಮೆ. ಥೆರಪಿ ನೆರವಾಗುತ್ತದೆ ಎನ್ನುವುದು ನಿಜ, ಹದಿನಾರು ಸೆಷನ್‌ಗಳಲ್ಲಿ ಎಲ್ಲರೂ ವಾಸಿಯಾಗುತ್ತಾರೆ ಎನ್ನುವುದು ಸುಳ್ಳು.

ಫಲ ಹತ್ತಿರ ಹತ್ತಿರ ಇದ್ದರೂ ಕೋಣೆಯೊಳಗೆ ನಡೆಯುವ ಕೆಲಸ ಒಂದೇ ಅಲ್ಲ. ಐಪಿಟಿಯನ್ನು ಜೆರಾಲ್ಡ್ ಕ್ಲರ್ಮನ್ ಮತ್ತು ಮಿರ್ನಾ ವೈಸ್‌ಮನ್ ರೂಪಿಸಿದ್ದು. 12ರಿಂದ 16 ವಾರ, ನಾಲ್ಕರಲ್ಲಿ ಒಂದು ವಿಷಯ ಹಿಡಿದು ಮಾಡುವ ಕೆಲಸ ಅದು: ಸಾವಿನ ದುಃಖ, ಸಂಬಂಧದಲ್ಲಿ ಜಗಳ, ಬದುಕಿನ ಪಾತ್ರ ಬದಲಾಗಿದ್ದು (ಮದುವೆ, ಬಾಣಂತನ, ನಿವೃತ್ತಿ), ಇಲ್ಲವೇ ಒಂಟಿತನ. ಸೈಕೋಡೈನಮಿಕ್ ಪದ್ಧತಿ ಮತ್ತೆ ಮತ್ತೆ ಬರುವ ಒಂದೇ ಮಾದರಿಯ ಸಂಬಂಧಗಳನ್ನು ಗುರುತಿಸುತ್ತದೆ. ಅಪ್ಪನ ಮುಂದೆ ಬಾಯಿ ಬಿಡದವರು ಮೇಲಧಿಕಾರಿಯ ಮುಂದೆ, ಕೊನೆಗೆ ಥೆರಪಿಸ್ಟರ ಮುಂದೆಯೂ ಹಾಗೆಯೇ ಕೂರುತ್ತಾರೆ. ಅದು ಕಣ್ಣೆದುರೇ ನಡೆಯುವಾಗ ಹಿಡಿದು ತೋರಿಸುವುದು ಆ ಪದ್ಧತಿಯ ಶಕ್ತಿ.

ಏರನ್ ಬೆಕ್ 1960ರ ದಶಕದಲ್ಲಿ ಕಟ್ಟಿದ ಅರಿವಿನ ಚಿಕಿತ್ಸೆ ಸಿಬಿಟಿಯ ಬೇರು. ಅದರ ಮುಖ್ಯ ಸಾಧನ ಯೋಚನೆಯ ದಾಖಲೆ ಎಂಬ ಒಂದು ಹಾಳೆ. ತಂಗಿಗೆ ಎರಡು ಸಲ ಫೋನ್ ಮಾಡಿದರೂ ಎತ್ತಲಿಲ್ಲ ಎಂದುಕೊಳ್ಳಿ. ಮೊದಲ ಕಾಲಂನಲ್ಲಿ ಅಷ್ಟನ್ನೇ ಬರೆಯಬೇಕು. ಎರಡನೆಯದರಲ್ಲಿ ತಲೆಗೆ ಬಂದ ಯೋಚನೆ, ‘ಯಾರಿಗೂ ನಾನು ಬೇಡ’, ನಂಬಿಕೆ 90. ಮೂರನೆಯದರಲ್ಲಿ ಭಾವನೆ, ದುಃಖ 80. ಮುಂದಿನ ಎರಡರಲ್ಲಿ ಆ ಯೋಚನೆಗೆ ಪರವಾದ ಸಾಕ್ಷಿ, ವಿರುದ್ಧವಾದ ಸಾಕ್ಷಿ: ಸೋಮವಾರ ಅವಳೇ ಫೋನ್ ಮಾಡಿದ್ದಳು, ಸಂಜೆ ಆರಕ್ಕೆ ಮಗುವಿಗೆ ಊಟ ಮಾಡಿಸುವ ಹೊತ್ತು. ಕೊನೆಗೆ ಸಾಕ್ಷಿಗೆ ಹೊಂದುವ ಇನ್ನೊಂದು ಯೋಚನೆ, ಆಮೇಲೆ ಮತ್ತೆ ಅಂಕ. 80 ಇದ್ದದ್ದು 50ಕ್ಕೆ ಬಂದರೂ ಸಾಕು. ಸೊನ್ನೆಗೆ ತರಲು ಹೊರಟರೆ ಅದು ‘ಪಾಸಿಟಿವ್ ಆಗಿ ಯೋಚಿಸಿ’ ಎಂಬ ಉಪದೇಶವಾಗುತ್ತದೆ. ಖಿನ್ನತೆಯಲ್ಲಿರುವವರಿಗೆ ಆ ಉಪದೇಶ ಮನೆಯಲ್ಲಿ ಬೇಕಾದಷ್ಟು ಸಿಕ್ಕಿರುತ್ತದೆ.

ಈ ಹಾಳೆಯನ್ನು ಕನ್ನಡದಲ್ಲಿ ತುಂಬಿಸುವಾಗ ಒಂದು ತೊಡಕು ಬರುತ್ತದೆ. ನಮಗೆ ಯೋಚನೆಗೂ ಭಾವನೆಗೂ ಒಂದೇ ಕ್ರಿಯಾಪದ: ‘ಅನ್ನಿಸ್ತು’. ‘ಅವರಿಗೆ ನಾನು ಬೇಡ ಅನ್ನಿಸ್ತು’ ಎನ್ನುವುದು ಯೋಚನೆ, ‘ಭಯ ಅನ್ನಿಸ್ತು’ ಎನ್ನುವುದು ಭಾವನೆ. ‘ಏನು ಅನ್ನಿಸ್ತು?’ ಎಂದು ಕೇಳಿದರೆ ಯಾವುದು ಬರುತ್ತದೋ ಹೇಳಲಾಗದು. ‘ತಲೆಯಲ್ಲಿ ಯಾವ ಮಾತು ಓಡಿತು?’, ‘ಮೈಯಲ್ಲಿ, ಮನಸ್ಸಲ್ಲಿ ಏನಾಯ್ತು?’ ಎಂದು ಬಿಡಿಸಿ ಕೇಳಬೇಕು. ‘ಬೇಜಾರು’ ಎಂಬ ಪದವಂತೂ ದುಃಖ, ನೋವು, ಕೋಪ, ಜಿಗುಪ್ಸೆ, ಹೊತ್ತು ಹೋಗದಿರುವುದು ಎಲ್ಲವನ್ನೂ ಹೊತ್ತಿರುತ್ತದೆ. ‘ಯಾವ ಥರದ ಬೇಜಾರು?’ ಎಂಬ ಒಂದು ಪ್ರಶ್ನೆಯಿಂದ ಅರ್ಧ ಸೆಷನ್ ಸಾರ್ಥಕವಾಗಬಹುದು. ಇಂಗ್ಲಿಷಿನಲ್ಲಿ ಥೆರಪಿ ಮಾಡಿಸಿಕೊಳ್ಳುವ ಕನ್ನಡಿಗರು ಬೈಯುವ, ಅಳುವ, ಪ್ರಾರ್ಥಿಸುವ ಭಾಷೆಯಲ್ಲೇ ಆ ಮಾತನ್ನು ಒಮ್ಮೆ ಹೇಳಿ ನೋಡುವುದು ಒಳ್ಳೆಯದು, ಥೆರಪಿಸ್ಟರಿಗೆ ಆಮೇಲೆ ಅರ್ಥ ಬಿಡಿಸಬೇಕಾಗಿ ಬಂದರೂ ಸರಿ.

1996ರಲ್ಲಿ ನೀಲ್ ಜೇಕಬ್‌ಸನ್ ಮತ್ತು ಸಂಗಡಿಗರು ಸಿಬಿಟಿಯನ್ನು ಬಿಡಿಬಿಡಿಯಾಗಿ ತೆಗೆದು ಪರೀಕ್ಷಿಸಿದರು. ಯೋಚನೆಯ ಕೆಲಸವನ್ನು ಬಿಟ್ಟು, ದಿನಚರಿಯನ್ನು ಮತ್ತೆ ಕಟ್ಟುವ ಭಾಗವನ್ನಷ್ಟೇ ಪಡೆದವರಿಗೂ ಪೂರ್ತಿ ಸಿಬಿಟಿ ಪಡೆದವರಷ್ಟೇ ಗುಣ ಕಂಡಿತು. ಆ ಭಾಗಕ್ಕೆ ಈಗ ಬಿಹೇವಿಯರಲ್ ಆ್ಯಕ್ಟಿವೇಶನ್ ಎಂದು ಹೆಸರು. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾಯದೆ, ಮಾಡಿದರೆ ಮನಸ್ಸು ಹಿಂದಿನಿಂದ ಬರುತ್ತದೆ ಎಂಬುದು ಅದರ ತಿರುಳು. ಒಂದು ವಾರ ಗಂಟೆಗಂಟೆಗೆ ಏನು ಮಾಡಿದಿರಿ, ಆಗ ಮನಸ್ಸು 0–10ರಲ್ಲಿ ಎಷ್ಟಿತ್ತು ಎಂದು ಬರೆಸುತ್ತಾರೆ. ಆಮೇಲೆ ಸಣ್ಣ ಕೆಲಸ ಗೊತ್ತು ಮಾಡುತ್ತಾರೆ. ‘ದಿನಾ ವಾಕಿಂಗ್ ಮಾಡ್ತೀನಿ’ ಎಂದು ಬರೆದದ್ದು ಹೆಚ್ಚಾಗಿ ಆಗುವುದಿಲ್ಲ. ‘ಮಂಗಳವಾರ, ಗುರುವಾರ ಸಂಜೆ ಆರಕ್ಕೆ ಚಪ್ಪಲಿ ಹಾಕಿಕೊಂಡು ಹಾಲಿನ ಬೂತ್‌ವರೆಗೆ ಹೋಗಿ ಬರೋದು’ ಎಂದು ಬರೆದದ್ದು ಆಗುತ್ತದೆ. ಆಗದಿದ್ದರೆ ‘ಯಾಕೆ ಮಾಡಲಿಲ್ಲ’ ಎಂದು ಕೇಳುವುದಲ್ಲ, ಕೆಲಸವನ್ನು ಅರ್ಧಕ್ಕೆ ಇಳಿಸುವುದು.

ಇದು ಇಷ್ಟು ಸರಳವಾಗಿರುವುದೇ ದೊಡ್ಡ ಅನುಕೂಲವಾಯಿತು. ನಮ್ಮ ಪಕ್ಕದ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಮನಃಶಾಸ್ತ್ರ ಓದದ ಸ್ಥಳೀಯರಿಗೇ ಇದನ್ನು ಕಲಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರರಿಂದ ಎಂಟು ಸೆಷನ್ ಕೊಡಿಸಿದರು. 2017ರಲ್ಲಿ ಬಂದ ಫಲಿತಾಂಶ: ಮೂರು ತಿಂಗಳಿಗೆ ಈ ಚಿಕಿತ್ಸೆ ಸಿಕ್ಕವರಲ್ಲಿ 64%, ಸಿಗದವರಲ್ಲಿ 39% ಜನ ತೀವ್ರ ಖಿನ್ನತೆಯಿಂದ ಹೊರಬಂದಿದ್ದರು. ಆ ಕೌನ್ಸೆಲರ್‌ಗಳು ತಮ್ಮ ಸೆಷನ್ನಿನ ಧ್ವನಿಮುದ್ರಣವನ್ನು ಗುಂಪಿನಲ್ಲಿ ಕೂತು ಕೇಳಿ ಒಬ್ಬರಿಗೊಬ್ಬರು ಅಂಕ ಕೊಡುತ್ತಿದ್ದರು. ಪದವಿಗಿಂತ ಈ ಮೇಲ್ವಿಚಾರಣೆ ಎಷ್ಟು ದೊಡ್ಡದು ಎಂಬುದನ್ನು ನಮ್ಮ ರಾಜ್ಯ ಗಂಭೀರವಾಗಿ ತೆಗೆದುಕೊಳ್ಳಬೇಕು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆ ಇರುವವರಲ್ಲಿ ಬಹುಪಾಲು ಜನರಿಗೆ ಯಾವ ಚಿಕಿತ್ಸೆಯೂ ಸಿಗುತ್ತಿಲ್ಲ.

ಎಲ್ಲ ಪದ್ಧತಿಗಳಲ್ಲೂ ಇರುವುದು

ಇಷ್ಟು ಬೇರೆ ಬೇರೆ ಕೆಲಸಗಳಿಂದ ಒಂದೇ ಬಗೆಯ ಫಲ ಬರುತ್ತದೆ ಎಂದರೆ ಒಳಗೆ ಏನೋ ಸಮಾನವಾದದ್ದು ಇರಬೇಕು ಎಂದು ಸಾಲ್ ರೋಸೆನ್‌ಜ್ವೈಗ್ 1936ರಲ್ಲೇ ವಾದಿಸಿದ್ದರು. ಕಾರ್ಲ್ ರೋಜರ್ಸ್ 1957ರಲ್ಲಿ ಥೆರಪಿಸ್ಟರ ಅನುಭೂತಿ, ಷರತ್ತಿಲ್ಲದ ಆದರ, ಒಳಹೊರಗೊಂದಾದ ನಡೆ ಇವುಗಳೇ ಬದಲಾವಣೆ ತರುತ್ತವೆ ಎಂದರು. 1979ರಲ್ಲಿ ಎಡ್ವರ್ಡ್ ಬೋರ್ಡಿನ್ ಅದನ್ನು ಅಳೆಯಬಹುದಾದ ಮೂರು ಭಾಗ ಮಾಡಿದರು. ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ಇಬ್ಬರಿಗೂ ಒಪ್ಪಿಗೆ, ಅದಕ್ಕೆ ಏನು ಮಾಡಬೇಕು ಎಂಬುದರಲ್ಲಿ ಒಪ್ಪಿಗೆ, ಮತ್ತು ಇಬ್ಬರ ನಡುವಿನ ವಿಶ್ವಾಸ. ಮೂರನ್ನೂ ಸೇರಿಸಿ ಕೆಲಸದ ನಂಟು ಎನ್ನಬಹುದು. ಅವರು ‘ಒಳ್ಳೆಯವರು’ ಎನ್ನಿಸಿದರೆ ಸಾಲದು ಎಂಬುದನ್ನು ಗಮನಿಸಿ. ನಿಮಗೆ ನಿದ್ದೆ ಬೇಕು, ಅವರಿಗೆ ನಿಮ್ಮ ಮದುವೆ ಸರಿಪಡಿಸಬೇಕು ಎಂದಿದ್ದರೆ ಎಷ್ಟು ಪ್ರೀತಿಯಿಂದ ಮಾತಾಡಿದರೂ ನಂಟು ಅರ್ಧವೇ.

2018ರಲ್ಲಿ 295 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಈ ನಂಟಿಗೂ ಫಲಕ್ಕೂ ಇರುವ ಸಹಸಂಬಂಧ ಸುಮಾರು 0.28 ಎಂದು ಕಂಡಿತು. ಅಂದರೆ ಜನರ ಫಲಿತಾಂಶದಲ್ಲಿ ಕಾಣುವ ಏರುಪೇರಿನ ಸುಮಾರು 8% ಇದರ ಜತೆ ಸಾಗುತ್ತದೆ. ಚಿಕ್ಕದೆನ್ನಿಸಬಹುದು, ಆದರೆ ಖಿನ್ನತೆಯಲ್ಲಿ ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಬದಲಾಯಿಸಿದರೆ ಇಷ್ಟು ವ್ಯತ್ಯಾಸ ಕಾಣುವುದು ಕಷ್ಟ. ಒಂದು ಎಚ್ಚರಿಕೆಯೂ ಬೇಕು: ಮೊದಲೇ ಗುಣ ಕಂಡವರು ಥೆರಪಿಸ್ಟರನ್ನು ಹೆಚ್ಚು ಮೆಚ್ಚುತ್ತಾರೆ, ಹಾಗಾಗಿ ಯಾವುದು ಕಾರಣ, ಯಾವುದು ಫಲ ಎಂದು ಪೂರ್ತಿ ಬೇರ್ಪಡಿಸಲಾಗದು.

ಈ ನಂಟು ನಮ್ಮಲ್ಲಿ ಮುರಿಯುವ ರೀತಿ ಬೇರೆ. ‘ಡಾಕ್ಟ್ರು ಹೇಳಿದ ಮೇಲೆ ಆಯ್ತು’ ಎಂದು ತಲೆಯಾಡಿಸುವುದು ನಮಗೆ ಮರ್ಯಾದೆ. ಒಪ್ಪದವರು ಜಗಳ ಆಡುವುದಿಲ್ಲ; ಮುಂದಿನ ವಾರ ‘ಊರಿಗೆ ಹೋಗಬೇಕಿತ್ತು’ ಎನ್ನುತ್ತಾರೆ, ಅದರ ಮುಂದಿನ ವಾರ ಫೋನ್ ಎತ್ತುವುದಿಲ್ಲ. ಮನೋವೈದ್ಯ ಜೆ. ಎಸ್. ನೇಕಿ 1973ರಲ್ಲಿ ಗುರು–ಚೇಲಾ ಸಂಬಂಧವನ್ನೇ ಭಾರತೀಯ ಥೆರಪಿಯ ಮಾದರಿಯಾಗಿ ಮುಂದಿಟ್ಟಿದ್ದರು. ಆ ಸಂಬಂಧದಲ್ಲಿ ವಿಶ್ವಾಸ ಬೇಗ ಕೂಡಿಬರುತ್ತದೆ ಎನ್ನುವುದು ನಿಜ, ಆದರೆ ಅಸಮಾಧಾನ ಹೇಳಲು ಬಾಯಿ ಬರುವುದಿಲ್ಲ ಎನ್ನುವುದೂ ಅಷ್ಟೇ ನಿಜ. ಅನುಭವಿ ಥೆರಪಿಸ್ಟ್ ‘ಎಲ್ಲಾ ಸರಿ ಇತ್ತಾ?’ ಎಂದು ಕೇಳುವುದಿಲ್ಲ, ಅದಕ್ಕೆ ‘ಹೂಂ’ ಒಂದೇ ಉತ್ತರ. ‘ಇವತ್ತು ನಾನು ಹೇಳಿದ್ದರಲ್ಲಿ ನಿಮಗೆ ಒಗ್ಗದ್ದು ಒಂದಾದರೂ ಇರುತ್ತೆ, ಯಾವುದದು?’ ಎಂದು ಕೇಳಿ ಕಾಯುತ್ತಾರೆ.

ಕೇಳಿ ಕಾಯುವುದರ ಜತೆಗೆ ಅಳೆಯಲೂ ಬೇಕು. ಹನನ್ ಮತ್ತು ಸಂಗಡಿಗರ 2005ರ ಅಧ್ಯಯನದಲ್ಲಿ 550 ಜನರಲ್ಲಿ ಯಾರ ಸ್ಥಿತಿ ಹದಗೆಡಬಹುದು ಎಂದು ಅವರ ಥೆರಪಿಸ್ಟರನ್ನೇ ಕೇಳಲಾಯಿತು. ಅವರು ಹೇಳಿದ್ದು 3 ಜನ. ನಿಜಕ್ಕೂ ಹದಗೆಟ್ಟದ್ದು 40 ಜನರದು. ಕಣ್ಣಂದಾಜು ಇಷ್ಟು ತಪ್ಪುವುದರಿಂದಲೇ ಪ್ರತಿ ಸೆಷನ್ನಿಗೆ ಮುಂಚೆ ಒಂದು ಪ್ರಶ್ನಾವಳಿ ತುಂಬಿಸುವ ರೂಢಿ ಬಂದಿದೆ. ಖಿನ್ನತೆಗೆ ಹೆಚ್ಚು ಬಳಕೆಯಲ್ಲಿರುವುದು ಪಿಎಚ್‌ಕ್ಯೂ–9. ಒಂಬತ್ತು ಪ್ರಶ್ನೆ, 0ಯಿಂದ 27 ಅಂಕ, 10 ಮುಟ್ಟಿದರೆ ಗಮನ ಕೊಡಬೇಕಾದ ಖಿನ್ನತೆ, 20 ಮುಟ್ಟಿದರೆ ತೀವ್ರ. 5 ಅಂಕ ಇಳಿದರೆ ನಿಜವಾದ ಸುಧಾರಣೆ ಎಂದು ಎಣಿಸುತ್ತಾರೆ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನೇ ಇದ್ದರೂ ಅವತ್ತಿನ ಸೆಷನ್ ಅದರಿಂದಲೇ ಶುರುವಾಗಬೇಕು. ಸೆಷನ್ನಿಗೆ ಇನ್ನೂ ದಿನಗಳಿದ್ದು ಅಂಥ ಯೋಚನೆ ಬಂದರೆ ಸರ್ಕಾರದ ಸಹಾಯವಾಣಿ ಟೆಲಿ–ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.

ಎಷ್ಟು ದಿನ ನೋಡಬೇಕು? ಕೆನೆತ್ ಹೊವರ್ಡ್ 1986ರಲ್ಲಿ 2,400ಕ್ಕೂ ಹೆಚ್ಚು ರೋಗಿಗಳ ಮಾಹಿತಿ ಸೇರಿಸಿ ನೋಡಿದಾಗ, ಎಂಟು ಸೆಷನ್ ಹೊತ್ತಿಗೆ ಸುಮಾರು ಅರ್ಧದಷ್ಟು ಜನರಿಗೆ, 26ರ ಹೊತ್ತಿಗೆ ಮುಕ್ಕಾಲು ಪಾಲು ಜನರಿಗೆ ಅಳೆಯಬಹುದಾದ ಸುಧಾರಣೆ ಕಂಡಿತ್ತು. ಎರಡನೆಯ ಸೆಷನ್ನಿಗೇ ‘ಏನೂ ಪ್ರಯೋಜನ ಇಲ್ಲ’ ಎಂದು ಬಿಡುವುದು ಅವಸರ. ಆದರೆ ಆರರಿಂದ ಎಂಟು ಸೆಷನ್ ಆದರೂ ಅಂಕ ಅಲುಗಾಡದಿದ್ದರೆ ಹಾಗೇ ಮುಂದುವರಿಸುವುದು ತಪ್ಪು. ಆಗ ಕೇಳಬೇಕಾದ್ದು ಇವು: ರೋಗನಿರ್ಣಯ ಸರಿಯೇ (ಥೈರಾಯ್ಡ್, ಕುಡಿತ, ಬೈಪೋಲಾರ್ ಎಲ್ಲವೂ ಬರೀ ಖಿನ್ನತೆಯಂತೆ ಕಾಣಬಲ್ಲವು)? ಮನೆಯಲ್ಲಿ ಹೊಡೆತ, ಸಾಲದ ಕಾಟದಂಥದ್ದು ಇನ್ನೂ ನಡೆಯುತ್ತಿದೆಯೇ? ಹೇಳಿಕೊಟ್ಟದ್ದು ಮನೆಯಲ್ಲಿ ಆಗುತ್ತಿದೆಯೇ? ಮಾತ್ರೆ ಬೇಕೇ? ಇವನ್ನು ಕೇಳಿದರೆ ಒಳ್ಳೆಯ ಥೆರಪಿಸ್ಟ್ ಬೇಸರಿಸಿಕೊಳ್ಳುವುದಿಲ್ಲ.

ಮಾತಾಡಿದರೆ ಒಳ್ಳೆಯದೇ ಆಗುತ್ತದೆ, ಕೆಟ್ಟದ್ದೇನೂ ಆಗದು ಎಂಬ ನಂಬಿಕೆಯೂ ಸರಿಯಲ್ಲ. ಆಘಾತವಾದ ಕೆಲವೇ ದಿನದಲ್ಲಿ ಒಮ್ಮೆ ಕೂರಿಸಿ ನಡೆದದ್ದನ್ನೆಲ್ಲ ಹೇಳಿಸುವ ‘ಡಿಬ್ರೀಫಿಂಗ್’ ಒಂದು ಕಾಲಕ್ಕೆ ಎಲ್ಲೆಡೆ ಇತ್ತು. 1997ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ಸುಟ್ಟಗಾಯದ ರೋಗಿಗಳನ್ನು ಹದಿಮೂರು ತಿಂಗಳು ಹಿಂಬಾಲಿಸಿತು. ಡಿಬ್ರೀಫಿಂಗ್ ಆದವರಲ್ಲಿ 26%, ಆಗದವರಲ್ಲಿ 9% ಜನರಿಗೆ ಆಘಾತೋತ್ತರ ಕಾಯಿಲೆ ಇತ್ತು. ಗಾಯ ಹಸಿಯಾಗಿರುವಾಗ ಕೆದಕಿ, ಆತಂಕ ಇಳಿಯುವ ಮುಂಚೆಯೇ ಎದ್ದು ಹೋದಂತೆ ಅದು. ಅಪಘಾತ, ನೆರೆ, ಬೆಂಕಿಯಾದ ಮನೆಗೆ ಹೋದವರು ‘ಏನಾಯ್ತು, ಹೇಗಾಯ್ತು’ ಎಂದು ಹೇಳಿಸಬೇಕಿಲ್ಲ. ಊಟ, ನೀರು, ಮಲಗಲು ಜಾಗ, ತಮ್ಮವರ ಜತೆ ಸಂಪರ್ಕ ಮೊದಲು. ಅವರಾಗಿ ಮಾತಾಡಿದರೆ ಕೇಳಿಸಿಕೊಳ್ಳುವುದು.

ಥೆರಪಿಸ್ಟರನ್ನು ಗೊತ್ತು ಮಾಡಿಕೊಳ್ಳುವಾಗ ಮೊದಲ ಫೋನಿನಲ್ಲೇ ಕೇಳಬಹುದಾದ್ದು ಬಹಳ ಇದೆ. ಓದು ಏನು? ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಕೇಳುವುದು ಅಮರ್ಯಾದೆಯಲ್ಲ. ಮಾತ್ರೆ ಬರೆಯುವವರು ಮನೋವೈದ್ಯರು. ನನ್ನ ತೊಂದರೆಗೆ ಏನು ಮಾಡುತ್ತೀರಿ, ಸುಮಾರು ಎಷ್ಟು ಸೆಷನ್, ಸುಧಾರಿಸುತ್ತಿದೆ ಎಂದು ಹೇಗೆ ನೋಡುತ್ತೀರಿ? ಗೀಳಿಗೆ ಬಂದವರು ಇನ್ನೊಂದನ್ನು ಸೇರಿಸಬೇಕು: ‘ಇಆರ್‌ಪಿ ಮಾಡಿಸುತ್ತೀರಾ, ನನ್ನ ಜತೆ ನೀವೂ ಚಿಲಕ ಮುಟ್ಟುತ್ತೀರಾ?’ ಮುಟ್ಟುತ್ತೇನೆ ಎನ್ನುವವರ ಬಳಿ ಹೋಗಿ.

ಮುಗಿಸುವಾಗಲೂ ಒಂದು ಕ್ರಮ ಇದೆ. ವಾರಕ್ಕೊಮ್ಮೆ ಇದ್ದದ್ದು ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೊಮ್ಮೆ. ಕೊನೆಯ ಸೆಷನ್ನಿನಲ್ಲಿ ಇಬ್ಬರೂ ಕೂತು ಒಂದು ಹಾಳೆ ಬರೆಯುತ್ತಾರೆ. ಮತ್ತೆ ಬರುತ್ತಿದೆ ಎಂದು ಮೊದಲು ತಿಳಿಯುವುದು ಯಾವುದರಿಂದ (ಬೆಳಗ್ಗೆ ನಾಲ್ಕಕ್ಕೇ ಎಚ್ಚರ, ಫೋನ್ ಎತ್ತದಿರುವುದು, ಸೋಪು ಬೇಗ ಖಾಲಿಯಾಗುವುದು), ಆಗ ಮೊದಲು ಮಾಡಬೇಕಾದ ಎರಡು ಕೆಲಸ ಯಾವುವು, ಯಾರಿಗೆ ಹೇಳಬೇಕು, ಎಷ್ಟು ದಿನ ನೋಡಿ ಮತ್ತೆ ಬರಬೇಕು. ಅದನ್ನು ಬೀರುವಿನ ಬಾಗಿಲ ಒಳಗೆ ಅಂಟಿಸಿದರೆ ದಿನವೂ ಕಣ್ಣಿಗೆ ಬೀಳುತ್ತದೆ, ಮನೆಗೆ ಬಂದ ನೆಂಟರಿಗೆ ಕಾಣುವುದಿಲ್ಲ.